ಲೆಗ್ ಬೈ

ಹಂಚಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಎಣಿಸುವುದೇ ನನ್ನ ಕೆಲಸ.
ಬೆರಳ ಗಂಟಿನಿಂದ ಒಮ್ಮೆ ತಟ್ಟಿದರೆ ಸಾಕು,
ಸರಿಯಾಗಿ ಬೆಂದದ್ದು ಟಣ್ ಎನ್ನುತ್ತದೆ;
ಕಣ್ಣಿಗೆ ಕಾಣದ ಬಿರುಕಿದ್ದರೆ
ಬಾಯಲ್ಲಿ ಅನ್ನ ಇಟ್ಟುಕೊಂಡು ಮಾತಾಡಿದ ಹಾಗೆ.
ಕಾರ್ಖಾನೆ ಮುಚ್ಚಿತು. ಚಿಮಣಿ ಉಳಿಯಿತು.
ಈಗ ನೆಹರೂ ಮೈದಾನದ ಶಾಮಿಯಾನದ ಕೆಳಗೆ
ಸಿಪ್ರಿಯನ್ ಲೋಬೊ, ಸ್ಕೋರರ್.
ಎರಡು ಪೆನ್ಸಿಲ್, ಒಂದು ರಬ್ಬರ್, ಮಧ್ಯಾಹ್ನದ ಊಟ ಅವರದ್ದು.

ಹುಡುಗನಿಗೆ ಆಗ ಹದಿನೈದು.
ಪುಸ್ತಕದಿಂದ ನಾನು ತಲೆ ಎತ್ತಿದ್ದು
ಕಂಡು ಅಲ್ಲ, ಕೇಳಿ.
ಟಣ್.
ಚೆಂಡು ಕಾಂಪೌಂಡ್ ಹಾರಿ
ಸ್ಟೇಟ್‌ಬ್ಯಾಂಕಿನ ಬಸ್ಸುಗಳ ನಡುವೆ ಬಿತ್ತು.
ಕಂಡಕ್ಟರೊಬ್ಬ ಅದನ್ನೆತ್ತಿ ತಿರುಗಿ ಎಸೆದ,
ಸೀಟಿ ಊದಿದ, ಬಸ್ಸು ಹೊರಟಿತು.

ಆಮೇಲೆ ಏನೇನೋ ಆಯಿತು.
ಹರಾಜಿನಲ್ಲಿ ಎರಡು ಲಕ್ಷದ ಹತ್ತು ಸಾವಿರ.
ಪಂಪ್‌ವೆಲ್‌ನಲ್ಲಿ ಫ್ಲೆಕ್ಸು: ಕೈಕಟ್ಟಿ ನಿಂತ ಹುಡುಗ,
ಹಿಂದೆ ಸಿಡಿಲು, ಕೆಳಗೆ ‘ಕರಾವಳಿಯ ಬಿರುಗಾಳಿ’,
ಅದರ ಕೆಳಗೆ ಚಿನ್ನದಂಗಡಿಯ ಫೋನ್ ನಂಬರು.
ಮನೆಯವರು ಇಟ್ಟ ಹೆಸರೂ ವಿಖ್ಯಾತ್.
ವಿಖ್ಯಾತ್ ತಿಂಗಳಾಯ.
ಮೈಕಿನವನಿಗೆ ವಿಶೇಷಣ ಹುಡುಕುವ ಕಷ್ಟವೇ ಇರಲಿಲ್ಲ.

ಈ ವರ್ಷ ನನ್ನ ಪುಸ್ತಕ ಹೇಳುವುದು:
ಹನ್ನೊಂದು. ನಾಲ್ಕು. ಸೊನ್ನೆ.
ಎರಡು; ರನೌಟ್, ಅದು ಅವನ ತಪ್ಪಲ್ಲ.
ಸೊನ್ನೆ.
ಐಸ್ ಪ್ಲಾಂಟಿನ ಯಜಮಾನರು, ತಂಡದ ಮಾಲಕರು,
ಮೊಣಕೈ ಎತ್ತು ಎಂದರು.
ಬೊಂಡ ಕೆತ್ತುವವನು ಕತ್ತಿ ಹಿಡಿದೇ ತೋರಿಸಿದ,
ಮುಂದಿನ ಕಾಲು ಹೀಗೆ.
ಅಜ್ಜಿ ಮೆಣಸು ಸುಟ್ಟರೆ ಘಾಟೇ ಏಳಲಿಲ್ಲವಂತೆ,
ಅಷ್ಟು ದೃಷ್ಟಿ.
ಚರುಮುರಿ ಗಾಡಿಯ ಪಕ್ಕದಿಂದ ಒಬ್ಬ ಕೂಗಿದ:
‘ದಾನೆ ಮಾರಾಯಾ, ಬ್ಯಾಟ್‌ಡ್ ಒಟ್ಟೆ ಉಂಡಾ?’
ಎಲ್ಲರೂ ನಕ್ಕರು. ನಾನೂ, ಸ್ವಲ್ಪ.

ಆ ಭಾನುವಾರ ಎಂಟು ಚೆಂಡು, ಎಂಟು ಚುಕ್ಕಿ.
ಒಂಬತ್ತನೆಯದು ಕಾಲ ಬಳಿಯಿಂದ ಜಾರಿ
ಹಗ್ಗ ಮುಟ್ಟಿತು.
ಅಂಪೈರಿನ ಕಣ್ಣಿಗೆ ನೇರ ಬಿಸಿಲು,
ಅವರು ಕೈ ಬೀಸಿದರು: ನಾಲ್ಕು.
ಮೈಕು ಬೊಬ್ಬಿಟ್ಟಿತು, ಗರ್ನಾಲು ಸಿಡಿಯಿತು.

ನನ್ನ ಕಿವಿಗೆ ಗೊತ್ತಿತ್ತು.
ಆ ಶಬ್ದ ಮರದ್ದಲ್ಲ.
ಆದರೆ ಅಂಪೈರ್ ತೋರಿಸಿದ್ದನ್ನು ಬರೆಯುವುದು ನಿಯಮ,
ಕಂಡೆ ಎಂದು ಕೈ ಎತ್ತುವುದು ನಿಯಮ,
ಎತ್ತಿದೆ. ಬರೆದೆ.
ಅವನ ಹೆಸರಿನ ಮುಂದೆ ಒಂದು ದಪ್ಪ ನಾಲ್ಕು.
ಒಡಕು ಹಂಚನ್ನು ಒಳ್ಳೆಯ ಸಾಲಿಗೆ
ಒಂದು ದಿನವೂ ಸೇರಿಸದವನು,
ಬರೆಯುವಾಗ ಪೆನ್ಸಿಲ್ ತಡವರಿಸಲೂ ಇಲ್ಲ.

ಹುಡುಗ ಅಲ್ಲೇ ನಿಂತಿದ್ದ.
ಬ್ಯಾಟು ಕಂಕುಳಲ್ಲಿ. ಅಂಪೈರನ್ನು ನೋಡಿ
ಎಡಗಾಲ ಪ್ಯಾಡನ್ನು ಅಂಗೈಯಿಂದ ತಟ್ಟಿದ.
ಯಾರಿಗೂ ಅರ್ಥವಾಗಲಿಲ್ಲ.
ಮತ್ತೆ ತಟ್ಟಿದ, ಜೋರಾಗಿ,
ಶಾಮಿಯಾನದವರೆಗೂ ಕೇಳುವಂತೆ.
ಮಾಲಕರು ಕುರ್ಚಿಯಿಂದ ಎದ್ದರು.
ಮೈಕು ಅರ್ಧ ವಾಕ್ಯದಲ್ಲಿ ಬಾಯಿ ಮುಚ್ಚಿತು.
ಅಂಪೈರ್ ಮೊದಲಿನದ್ದನ್ನು ರದ್ದು ಮಾಡಿ
ಮೊಣಕಾಲು ಎತ್ತಿ ಮುಟ್ಟಿಕೊಂಡರು.

ತಂಡಕ್ಕೆ ನಾಲ್ಕು. ಅವನಿಗೆ ಸೊನ್ನೆ.
ನಾನು ಕೈ ಎತ್ತಿದೆ.
ಅವರು ಕಂಡ ಮೇಲೂ ಇಳಿಸಲು ಮರೆತೆ.

ಹೊಸ ಕತೆಯೇನೂ ಶುರುವಾಗಲಿಲ್ಲ ಅಂದಿನಿಂದ.
ಒಂಬತ್ತು ಹೊಡೆದ, ಎಲ್ಲ ಒಂಟಿ ರನ್ನು,
ಪಾಯಿಂಟಿನಲ್ಲಿ ಕ್ಯಾಚು ಕೊಟ್ಟ.
ಮಾಲಕರು ಫೋನಿನಲ್ಲಿದ್ದರು, ಮುಖ ಎತ್ತಲಿಲ್ಲ.

ನೀರು ಕುಡಿಯಲು ಬಂದವನು ನನ್ನ ಮೇಜಿಗೆ ಬಾಗಿದ.
ಹೆಲ್ಮೆಟ್ಟಿನಿಂದ ಬೆವರು ಅಂಚಿಗೆ ತೊಟ್ಟಿಕ್ಕಿತು.
ಅವನ ಸಾಲಿನಲ್ಲಿ ಬೆರಳಿಟ್ಟ,
ನಾನು ಉಜ್ಜಿ ಅಳಿಸಿದ ಜಾಗ,
ಅಚ್ಚು ಇನ್ನೂ ಕಾಣುತ್ತಿತ್ತು.
‘ಪೊರ್ಬುಗಳೇ,
ಇಲ್ಲಿ ಕಾಗದ ತೆಳ್ಳಗಾಗಿದೆ,’ ಎಂದ,
‘ಇನ್ನೊಮ್ಮೆ ಉಜ್ಜಬೇಡಿ.’